ಡೀಸೆಲ್ ತುಂಬುವಾಗ ಪಂಪಿನ ನಳಿಕೆ ಪದೇ ಪದೇ ನಿಂತರೆ ಬೋಟು ಬಿಡಬೇಡಿ

ಮೀನುಗಾರಿಕೆ ನಿಷೇಧ ಮುಗಿದ ಮೊದಲ ವಾರದಲ್ಲೇ, ಗಂಗೊಳ್ಳಿಯ ಅಳಿವೆಯ ಹತ್ತಿರ ನಮ್ಮ ಬೋಟಿನ ಎಂಜಿನ್ ನಿಂತುಹೋಯಿತು. ಅಲೆ ಒಡೆಯುವ ಜಾಗ, ಆಗಸ್ಟ್ ತಿಂಗಳ ಸೆಳೆತ, ಬೋಟಿನಲ್ಲಿ ಐದು ಜನ. ಬೋಟು ನಡೆಸುವ ತಾಂಡೇಲರು ಕೂಡಲೇ ಲಂಗರು ಬಿಟ್ಟಿದ್ದರಿಂದ ಬದುಕಿದೆವು. ಇಷ್ಟಕ್ಕೆಲ್ಲ ಕಾರಣ, ಡೀಸೆಲ್ ಟ್ಯಾಂಕಿಗೆ ಗಾಳಿಯಾಡಲು ಇರುವ ಬೆರಳು ಗಾತ್ರದ ಒಂದು ಗಾಳಿ ಕೊಳವೆ.

ಅದು ಬೋಟು ನಿಲ್ಲಿಸುವ ದಕ್ಕೆಯಲ್ಲೇ ಸೂಚನೆ ಕೊಟ್ಟಿತ್ತು. ಎಂದೂ ಹತ್ತು ನಿಮಿಷಕ್ಕೆ ತುಂಬುವ ಟ್ಯಾಂಕು ಅಂದು ಮುಕ್ಕಾಲು ಗಂಟೆ ತೆಗೆದುಕೊಂಡಿತು. ನಾಲ್ಕೈದು ಲೀಟರಿಗೊಮ್ಮೆ ನಳಿಕೆ ಟಕ್ಕೆಂದು ನಿಲ್ಲುತ್ತಿತ್ತು, ನೊರೆ ಡೀಸೆಲ್ ಮೇಲೆ ಉಕ್ಕಿ ಕೈಗೆ ಚಿಮ್ಮುತ್ತಿತ್ತು. ಪಂಪೇ ಸರಿಯಿಲ್ಲವೆಂದು ಗೊಣಗಿ ಹೊರಟೆವು. ಟ್ಯಾಂಕಿಗೆ ಡೀಸೆಲ್ ಇಳಿಯಬೇಕಾದರೆ ಒಳಗಿನ ಗಾಳಿಗೆ ಹೊರಬರುವ ದಾರಿ ಬೇಕು. ಎಂಜಿನ್ ಡೀಸೆಲ್ ಎಳೆಯುವಾಗ ಅದೇ ದಾರಿಯಲ್ಲಿ ಗಾಳಿ ಒಳಹೋಗಬೇಕು. ತುಂಬುವಾಗಿನ ತೊಂದರೆ ಮತ್ತು ಕಡಲಲ್ಲಿ ಎಂಜಿನ್ ಸಾಯುವುದು ಎರಡೂ ಒಂದೇ ರೋಗ. ಇದು ನಮಗೆ ಹೊಳೆಯಲಿಲ್ಲ.

ಒಂದೂವರೆ ಗಂಟೆಯ ಬಳಿಕ ಎಂಜಿನ್ ವೇಗ ಕುಸಿಯಿತು. ಫಿಲ್ಟರ್ ಬದಲಿಸಿ, ಪೈಪಿನ ಗಾಳಿ ತೆಗೆದೆವು. ಮತ್ತೆ ಓಡಿತು, ಇಪ್ಪತ್ತು ನಿಮಿಷ ಮಾತ್ರ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ತಾನಾಗಿ ಚಾಲೂ ಆಗುತ್ತಿತ್ತು, ಹಾಗಾಗಿ ಫಿಲ್ಟರಿನ ಮೇಲೇ ಅನುಮಾನ ಉಳಿಯಿತು. ಕೊನೆಗೆ ಅಳಿವೆಯಲ್ಲಿ, ಡೀಸೆಲ್ ಉಳಿದಿದೆಯೇ ನೋಡೋಣವೆಂದು ಹುಡುಗನೊಬ್ಬ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸುಯ್ಯೆಂದು ಗಾಳಿ ಒಳಗೆ ನುಗ್ಗಿತು. ಎಂಜಿನ್ ಒಂದೇ ಏಟಿಗೆ ಹೊತ್ತಿತು.

ಜೂನ್ 1ರಿಂದ ಜುಲೈ 31ರವರೆಗೆ ಬೋಟು ನಿಂತಿದ್ದಾಗ ಕೊಳವೆಯ ಬಾಯಿಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು. ಅದರ ಮೇಲೆ ನಾವೇ ಬಳಿದ ಬಣ್ಣ ಜಾಲರಿಯನ್ನು ಅರ್ಧ ಮುಚ್ಚಿತ್ತು.

ನನಗೆ ಇಂದಿಗೂ ಸಿಟ್ಟು ಬರುವುದು ಮುಂದೆ ನಡೆದದ್ದಕ್ಕೆ. ಕರೆಸಿದ ಮೆಕ್ಯಾನಿಕ್ ಕೊಳವೆಯನ್ನು ಟ್ಯಾಂಕಿನಿಂದ ಬಿಚ್ಚದೆಯೇ, ತುಂಬುವ ಮುಚ್ಚಳವನ್ನೂ ತೆರೆಯದೆಯೇ, ಹೊರಗಿನ ತುದಿಗೆ ಟೈರಿಗೆ ಗಾಳಿ ಹಾಕುವ ಕಂಪ್ರೆಸರ್ ಹಿಡಿದ. ಮಣ್ಣು ಕಿತ್ತುಕೊಂಡು ಟ್ಯಾಂಕಿನೊಳಗೆ ಬಿತ್ತು, ಅದರ ಹಿಂದೆಯೇ ಒತ್ತಡದ ಗಾಳಿ. ತೆಳು ತಗಡಿನ ಟ್ಯಾಂಕು ಅಂಥ ಒತ್ತಡಕ್ಕೆ ಮಾಡಿದ್ದಲ್ಲ. ಬೆಸುಗೆ ಬಿಟ್ಟು ಡೀಸೆಲ್ಲೆಲ್ಲ ಬೋಟಿನ ತಳಕ್ಕೆ ಹರಿಯಿತು. ಹೊಸ ಟ್ಯಾಂಕು, ತಳ ತೊಳೆಯುವ ಕೆಲಸ, ಋತುವಿನ ಆರಂಭದ ಒಂಬತ್ತು ದಿನದ ದುಡಿಮೆ, ಎಲ್ಲವೂ ನಮ್ಮ ತಲೆಗೆ ಬಂತು. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಮೊದಲು ಕೊಳವೆಯನ್ನು ಟ್ಯಾಂಕಿನ ಕಡೆಯಿಂದ ಬಿಚ್ಚಿ, ಆಮೇಲೆ ಸೈಕಲ್ ಪಂಪಿನಿಂದ ಗಾಳಿ ಹಾಯಿಸಿ ನೋಡಿದರೆ ಸಾಕು.

ಹೊಸ ಟ್ಯಾಂಕು ಕೂರಿಸಿದ ಮೇಲೂ ತುಂಬುವಾಗ ನಳಿಕೆ ನಿಂತಿತು! ಈ ಸಲ ಬೋಟು ಬಿಡಲಿಲ್ಲ. ಹಲಗೆ ತೆಗೆದು ಕೊಳವೆಯ ಉದ್ದಕ್ಕೂ ಕೈಯಾಡಿಸಿದೆ. ನಡುವೆ ಒಂದು ಕಡೆ ಹಿಡಿಕೆ ಕಳಚಿ ಕೊಳವೆ ಜೋಲುಬಿದ್ದಿತ್ತು. ಆ ತಗ್ಗಿನಲ್ಲಿ ಡೀಸೆಲ್ ನಿಂತು ಗಾಳಿಗೆ ಅಡ್ಡವಾಗಿತ್ತು. ಟ್ಯಾಂಕಿನಿಂದ ಬಾಯಿಯವರೆಗೆ ಒಂದೇ ಸಮನೆ ಏರುವಂತೆ ಕಟ್ಟಿದ ಮೇಲೆ ಹಳೆಯ ವೇಗದಲ್ಲೇ ತುಂಬಿತು.

ಮುಚ್ಚಳ ಸಡಿಲಿಸಿಟ್ಟು ಓಡಿಸಿದರಾಯಿತು ಎಂದು ದಕ್ಕೆಯಲ್ಲಿ ಕೆಲವರು ಹೇಳುತ್ತಾರೆ. ನಾವು ಅಂದು ದಡ ಸೇರಿದ್ದು ಹಾಗೆಯೇ, ಆದರೆ ಅದು ಜೀವ ಉಳಿಸಿಕೊಳ್ಳುವ ಹೊತ್ತಿನ ಉಪಾಯ. ಒಂದು ಅಲೆ ಡೆಕ್ ಮೇಲೆ ಹಾದರೆ ಉಪ್ಪುನೀರು ಡೀಸೆಲ್‌ಗೆ ಸೇರುತ್ತದೆ, ಅಲ್ಲಿಂದ ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿಗೆ.

ನಾಡದೋಣಿಯವರಿಗೂ ಒಂದು ಮಾತು. ದೋಣಿಯ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಎಂಜಿನ್ ಓಡುತ್ತಾ ಸಾಯತೊಡಗಿದರೆ ಇಂಧನ ಪೈಪಿನ ರಬ್ಬರ್ ಬಲ್ಬ್ ಮುಟ್ಟಿ ನೋಡಿ. ಅದು ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿದ್ದರೆ, ಪ್ಲಗ್ ಬಿಚ್ಚುವ ಮೊದಲು ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿ ತಿರುಪು ತೆರೆದಿದೆಯೇ ನೋಡಿ.