ಹಳೆ ಫೋರ್ ವ್ಹೀಲ್ ಪಿಕಪ್ ತಗೊಳ್ಳೋರು ಮುಂದಿನ ಹಿಂದಿನ ಹೌಸಿಂಗಿನ ಲೆಕ್ಕ ಎಣಿಸದೆ ರೊಕ್ಕ ಕೊಡಬೇಡಿ

ಕಲಬುರಗಿ, ಬೀದರ, ಯಾದಗಿರಿ ಕಡೆ ಹಳೆ ಫೋರ್ ವ್ಹೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ) ಪಿಕಪ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಡ್ವಾನ್ಸ್ ಕೊಟ್ಟಾಗಿದ್ದರೂ ಓದಿ. ಅಡ್ವಾನ್ಸ್ ಹೋದರೆ ಹೋಗಲಿ, ಉಳಿದ ರೊಕ್ಕವಾದರೂ ಉಳಿಯುತ್ತದೆ.

ನಾನು ತಗೊಂಡು ಮೋಸ ಹೋದ ಗಾಡಿ ಮಹೀಂದ್ರ, ಜೀಪಿನ ಮೂತಿ, ಹಿಂದೆ ತೆರೆದ ಬಾಡಿ, ಡಿಐ (ಡೈರೆಕ್ಟ್ ಇಂಜೆಕ್ಷನ್ ಡೀಸೆಲ್) ಎಂಜಿನ್, 2001ರ ಮಾಡಲ್, ಕೆಎ 38 ನಂಬರು. ಮಾತು ಮುಗಿದದ್ದು 2,15,000ಕ್ಕೆ. ಮಾರಿದವನು ದಲಾಲಿ. ಹೆಸರು ಹಾಕುವುದಿಲ್ಲ. ಹೆಸರಿಗಿಂತ ಅವನು ಹೆಂಗ ಮಾರಿದ ಅನ್ನುವುದು ಮುಖ್ಯ, ಯಾಕಂದರೆ ಹಿಂಗ ಮಾರುವವನು ಅವನೊಬ್ಬನೇ ಅಲ್ಲ.

ನಮ್ಮ ಕಡೆ ಫೋರ್ ವ್ಹೀಲ್ ಯಾಕೆ ಬೇಕು ಅಂತ ಎರಿ (ಕಪ್ಪು ಮಣ್ಣಿನ) ಹೊಲ ಇದ್ದವರಿಗೆ ಹೇಳಬೇಕಾಗಿಲ್ಲ. ಮಿರಗದ ಮಳೆ ಒಂದು ಸಲ ಸರಿಯಾಗಿ ಬಿತ್ತೆಂದರೆ ಎರಿ ಮಣ್ಣು ಟಾಯರಿನ ಕಚ್ಚು ತುಂಬಿಕೊಂಡು ಚಕ್ರ ಬೋಳಾಗುತ್ತದೆ. ಟೂ ವ್ಹೀಲ್ ಗಾಡಿ ಇದ್ದಲ್ಲೇ ಗಿರಗಿರ ತಿರುಗಿ ಹೌಸಿಂಗ್ (ಎಡ ಬಲ ಚಕ್ರಗಳ ನಡುವಿನ ಅಚ್ಚಿನ ಕವಚ) ತನಕ ಹೂತುಕೊಳ್ಳುತ್ತದೆ. ಈ ಗರಜು ದಲಾಲಿಗೂ ಗೊತ್ತು. ಅದಕ್ಕೇ ಇಂಥ ಗಾಡಿಗಳು ಬೇಸಿಗೆಯಲ್ಲಿ ಮಾರಾಟಕ್ಕೆ ಬರುತ್ತವೆ. ನೆಲ ಒಣಗಿ ಕಲ್ಲಾಗಿರುವಾಗ ಫೋರ್ ವ್ಹೀಲ್ ಪರೀಕ್ಷೆ ಮಾಡಲು ಜಾಗವೇ ಇರುವುದಿಲ್ಲ.

ಗಾಡಿ ನೋಡಲು ಮುಂಜಾನೆ ಎಂಟಕ್ಕೆ ಬರ್ರಿ ಅಂದಿದ್ದ ದಲಾಲಿ. ಏಳೂವರೆಗೇ ಹೋದರೂ ಬಾನೆಟ್ ಬಿಸಿ ಇತ್ತು. ಯಾಕೆ ಅಂದರೆ, "ಡೀಸೆಲ್ ಹಾಕ್ಸಕೊಂಡ್ ಬಂದೀನ್ರಿ." ಒಳಗೆ ಕೂತು ನೋಡಿದರೆ ಡೀಸೆಲ್ ಮುಳ್ಳು ತಳ ಹಿಡಿದಿತ್ತು. ಅಲ್ಲೇ ಎದ್ದು ಬರಬೇಕಿತ್ತು. ಹಳೆ ಡಿಐ ಎಂಜಿನಿನ ನಿಜವಾದ ಬಣ್ಣ ತಣ್ಣಗಿದ್ದಾಗ ಮೊದಲನೇ ಸ್ಟಾರ್ಟಿನಲ್ಲಿ ತಿಳಿಯುತ್ತದೆ. ನೀಲಿ ಹೊಗೆ ಬಂದರೆ ರಿಂಗು, ಬೋರು, ವಾಲ್ವ್ ಸೀಲು. ಕರಿ ಹೊಗೆ ಬಂದರೆ ನಾಜಲ್ಲು, ಪಂಪು. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ಬುಸುಬುಸು ಅಂತ ಹೊಗೆ ನೂಕುತ್ತಿದ್ದರೆ ಎಂಜಿನ್ ಇಳಿಸುವ ಖರ್ಚು ಲೆಕ್ಕಕ್ಕೆ ಹಿಡಿಯಿರಿ. ಈ ಗಾಡಿಯ ಎಂಜಿನ್ ಮಾತ್ರ ತಕ್ಕ ಮಟ್ಟಿಗೆ ಚೆನ್ನಾಗಿತ್ತು, ಅದಕ್ಕೇ ಉಳಿದದ್ದರ ಮೇಲೂ ನಂಬಿಕೆ ಬಂತು.

ಈಗ ಮೋಸದ ಜಾಗಕ್ಕೆ ಬರುತ್ತೇನೆ. ಫೋರ್ ವ್ಹೀಲ್ ಹಾಕಿ ಓಡಿಸಿ ತೋರಿಸು ಅಂದಾಗ ಅವನು ಅಂದದ್ದು ಇದು: "ಡಾಂಬರ್ ಮ್ಯಾಲ ಫೋರ್ ವ್ಹೀಲ್ ಹಾಕಬಾರ್ದ್ರಿ. ಟ್ರಾನ್ಸ್‌ಫರ್ ಹಲ್ಲ ಹೋಗ್ತಾವ. ನಿಮಗ ಗೊತ್ತಿಲ್ಲದ್ದೇನದ?" ಮಾತು ನೂರಕ್ಕೆ ನೂರು ನಿಜ. ಟ್ರಾನ್ಸ್‌ಫರ್ ಅಂದರೆ ಎಂಜಿನ್ ಶಕ್ತಿಯನ್ನು ಮುಂದೆ ಹಿಂದೆ ಹಂಚುವ ಗೇರ್ ಪೆಟ್ಟಿಗೆ. ಈ ಹಳೆ ಗಾಡಿಗಳಲ್ಲಿ ಮುಂದಿನ ಹಿಂದಿನ ಹೌಸಿಂಗ್ ನಡುವೆ ಡಿಫರೆನ್ಶಿಯಲ್ (ಎರಡರ ವೇಗದ ಫರಕು ಸರಿದೂಗಿಸುವ ಗೇರು) ಇರುವುದಿಲ್ಲ, ಗಟ್ಟಿ ರಸ್ತೆಯಲ್ಲಿ ಫೋರ್ ವ್ಹೀಲ್ ಹಾಕಿ ತಿರುವಿದರೆ ಒಳಗೆ ಎಲ್ಲಾ ಬಿಗಿದುಕೊಳ್ಳುತ್ತದೆ. ತಿಳಿದವನು ಮಾತಾಡುತ್ತಿದ್ದಾನೆ ಅನ್ನಿಸಿತು. ಆಮೇಲೆ ರಸ್ತೆ ಬದಿಯ ಮುರುಮಿನ ಮೇಲೆ ಇಳಿಸಿ, ಹಬ್ ಲಾಕ್ ಮಾಡಿ (ಮುಂದಿನ ಚಕ್ರಗಳನ್ನು ಅಚ್ಚಿಗೆ ಕಟ್ಟಿ), ಫೋರ್ ವ್ಹೀಲ್ ಲಿವರ್ ಹಾಕಿ, ಒಂದು ಮೂವತ್ತು ಅಡಿ ಮುಂದೆ ಹೋಗಿ ನಿಲ್ಲಿಸಿದ. ಸ್ವಲ್ಪ ಹಿಂದಕ್ಕೆ ತಗೊಂಡ. ಲಿವರ್ ತೆಗೆದ. "ನೋಡ್ರಿ, ಬೆಣ್ಣೀ ಹಂಗ ಹೊಂಟದ."

ಆ ಹಿಂದಕ್ಕೆ ತಗೊಂಡದ್ದು ಇವತ್ತಿಗೂ ಕಣ್ಣ ಮುಂದೆ ಇದೆ. ಬಿಗಿ ಬಿಡಿಸಲು ಎಲ್ಲರೂ ಒಂದಿಷ್ಟು ರಿವರ್ಸ್ ತಗೊಳ್ಳುತ್ತಾರೆ, ಅದು ವಾಡಿಕೆ. ಆದರೆ ಸಡಿಲ ಮುರುಮಿನ ಮೇಲೆ, ನೆಟ್ಟಗೆ, ಮೂವತ್ತು ಅಡಿ ಹೋದ ಗಾಡಿಗೆ ಬಿಗಿ ಎಲ್ಲಿಂದ ಬರಬೇಕು? ತಿರುವೇ ಇರಲಿಲ್ಲ. ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಮೂವತ್ತು ಅಡಿಗೆ ನಿಲ್ಲಿಸಿದ, ಗೊತ್ತಿದ್ದೇ ಹಿಂದಕ್ಕೆ ತಗೊಂಡ. ಪಕ್ಕದಲ್ಲಿ ನಿಂತು ನೋಡಿ ತಲೆ ಆಡಿಸಿದ್ದು ನಾನು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಮೊದಲ ಮಳೆಗೆ ಹೊಲಕ್ಕೆ ಇಳಿಸಿದಾಗ ಫೋರ್ ವ್ಹೀಲ್ ಕೆಲಸ ಮಾಡಿತು. ಕೆಸರಿನಲ್ಲಿ ಚಕ್ರ ಜಾರುತ್ತದಲ್ಲ, ತಪ್ಪು ಮುಚ್ಚಿಹೋಗುತ್ತದೆ. ರಸ್ತೆ ಹತ್ತಿದ ಮೇಲೆ ಲಿವರ್ ಹೊರಗೆ ಬರಲಿಲ್ಲ. ನೆಟ್ಟಗಿನ ರಸ್ತೆ, ಐವತ್ತು ಮೀಟರ್ ಕೂಡ ಆಗಿರಲಿಲ್ಲ, ಸ್ಟೇರಿಂಗ್ ಭಾರ, ಗಾಡಿ ಬ್ರೇಕ್ ಹಿಡಿದಂತೆ ನಿಲ್ಲುತ್ತಿತ್ತು. ಮುಂದಿನ ಒಂದು ಚಕ್ರಕ್ಕೆ ಜಾಕ್ ಹಚ್ಚಿ ಎತ್ತಿದರು. ನೆಲ ಬಿಟ್ಟದ್ದೇ ತಡ, ಆ ಚಕ್ರ ಯಾರೂ ಮುಟ್ಟದೆ ಫಡ್ ಅಂತ ತಾನೇ ತಿರುಗಿತು. ಎಂಜಿನ್ ಬಂದ್ ಇತ್ತು. ಕೈ ಹತ್ತಿರ ಇದ್ದವನ ಬೆರಳು ಉಳಿದದ್ದು ಪುಣ್ಯ. ಅಷ್ಟು ಮುರಿಗೆ ಶಾಫ್ಟಿನಲ್ಲಿ ತುಂಬಿಕೊಂಡಿತ್ತು. ಅಷ್ಟರಲ್ಲೇ ಟ್ರಾನ್ಸ್‌ಫರ್ ಕೇಸಿನ ಒಳಗೆ ನಡುವಿನ ಗೇರಿನ ಹಲ್ಲು ಕಿತ್ತುಹೋಗಿದ್ದವು, ಅದು ಆಮೇಲೆ ಬಿಚ್ಚಿದಾಗ ತಿಳಿಯಿತು.

ನೆಟ್ಟಗೆ ಹೋದರೂ ಬಿಗಿಯುತ್ತದೆ ಅಂದರೆ ಕಾರಣ ಎರಡೇ. ಒಂದು, ಮುಂದೆ ಹಿಂದೆ ಟಾಯರ್ ಸೈಜು ಬೇರೆ ಬೇರೆ. ಟೇಪು ಸುತ್ತಿ ಅಳೆದರೆ ನಾಲ್ಕೂ ಸರಿ ಇದ್ದವು. ಇನ್ನೊಂದು, ಎರಡು ಹೌಸಿಂಗಿನ ಕ್ರೌನ್ ಪಿನಿಯನ್ (ಶಾಫ್ಟಿನ ತಿರುವನ್ನು ಅಚ್ಚಿಗೆ ಕೊಡುವ ದೊಡ್ಡ, ಸಣ್ಣ ಗೇರಿನ ಜೋಡಿ) ಹಲ್ಲಿನ ಲೆಕ್ಕ, ಅಂದರೆ ರೇಶಿಯೋ, ಬೇರೆ ಬೇರೆ. ಹೌಸಿಂಗ್ ಬಿಚ್ಚದೆಯೇ ಇದನ್ನು ಎಣಿಸಬಹುದು, ಒಂದು ಚಾಕ್ ಸಾಕು. ಮಾರುವವನ ಮನೆ ಮುಂದೆಯೇ ಮಾಡಿ.

ನೆಲ ಸಪಾಟಾಗಿರಬೇಕು. ಗಾಡಿ ಟೂ ವ್ಹೀಲಿನಲ್ಲಿ, ಗೇರು ನ್ಯೂಟ್ರಲ್ಲಿನಲ್ಲಿ. ಮುಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಬರೀ ಜಾಕ್ ನಂಬಬೇಡಿ. ಹ್ಯಾಂಡ್‌ಬ್ರೇಕ್ ಬಿಡಿ. ಪ್ರೊಪೆಲರ್ ಶಾಫ್ಟಿಗೆ (ಟ್ರಾನ್ಸ್‌ಫರಿನಿಂದ ಹೌಸಿಂಗಿಗೆ ಹೋಗುವ ಉದ್ದ ಶಾಫ್ಟು) ಒಂದು ಗೀಟು, ಟಾಯರಿಗೆ ಒಂದು ಗೀಟು. ಒಂದು ಕಡೆಯ ಚಕ್ರ ಒಬ್ಬರು ಅಲುಗದಂತೆ ಹಿಡಿಯಬೇಕು, ಇನ್ನೊಂದನ್ನು ಸರಿಯಾಗಿ 20 ಸುತ್ತು ತಿರುಗಿಸಬೇಕು. ಒಂದು ಚಕ್ರ ನಿಂತಿರುವುದರಿಂದ ಈ 20 ಸುತ್ತು ಎರಡೂ ಚಕ್ರದ 10 ಸುತ್ತಿಗೆ ಸಮ. ಶಾಫ್ಟು ಎಷ್ಟು ಸುತ್ತು ತಿರುಗಿತು ಬರೆದುಕೊಳ್ಳಿ. ಆಮೇಲೆ ಹಿಂದಿನ ಚಕ್ರ ಇಳಿಸಿ, ಅದಕ್ಕೆ ಅಡ್ಡಗಲ್ಲು ಕೊಟ್ಟು, ಮುಂದಿನದನ್ನು ಎತ್ತಿ ಹಬ್ ಲಾಕ್ ಮಾಡಿ ಇದೇ ಎಣಿಕೆ. ಎರಡು ಲೆಕ್ಕ ಒಂದೇ ಬರಬೇಕು. ಕಾಲು ಸುತ್ತು ಆಚೆ ಈಚೆ ಕೈ ತಪ್ಪು, ಅದಕ್ಕಿಂತ ಹೆಚ್ಚು ಬಂದರೆ ಗಾಡಿ ಬಿಟ್ಟು ಬನ್ನಿ.

ಈ ಗಾಡಿಗೆ ಹಿಂದೆ ಬಂದದ್ದು 53 ಮುಕ್ಕಾಲು, ಮುಂದೆ 48 ಮುಕ್ಕಾಲು. ಐದು ಸುತ್ತಿನ ಫರಕು! ಬಿಚ್ಚಿ ನೋಡಿದಾಗ ಹಿಂದಿನ ಕ್ರೌನ್ 43 ಹಲ್ಲು, ಪಿನಿಯನ್ 8. ಮುಂದೆ 39 ಮತ್ತು 8. ಒಂದು 5.375, ಇನ್ನೊಂದು 4.875. ಫೋರ್ ವ್ಹೀಲ್ ಹಾಕಿದರೆ ಎರಡು ಶಾಫ್ಟೂ ಒಂದೇ ವೇಗಕ್ಕೆ ಕಟ್ಟಿಬೀಳುತ್ತವೆ. ಹಿಂದಿನ ಚಕ್ರ 100 ಮೀಟರ್ ಹೋಗುವಷ್ಟರಲ್ಲಿ ಮುಂದಿನದು 110 ಮೀಟರ್ ಓಡಲು ನೋಡುತ್ತದೆ. ಓಡಲು ಜಾಗ ಇಲ್ಲ, ಹಾಗಾಗಿ ಯಾವುದೋ ಒಂದು ಮುರಿಯಲೇಬೇಕು. ಟೂ ವ್ಹೀಲಿನಲ್ಲಿ ಮಾತ್ರ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಹಿಂದಿನ ಹೌಸಿಂಗಿನ ಮೂಲ ಕ್ರೌನ್ ಯಾವಾಗಲೋ ಹಾಳಾಗಿದೆ, ಗುಜರಿಯಲ್ಲಿ ಸಿಕ್ಕಿದ್ದನ್ನು ಹಾಕಿ ಮಾರಿದ್ದಾರೆ.

ಅಷ್ಟೇ ಆಗಿದ್ದರೆ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ. ಹಿಂದಿನ ಹೌಸಿಂಗಿನ ಡ್ರೇನ್ ಬೋಲ್ಟ್ ಬಿಚ್ಚಿದಾಗ ಆಯಿಲ್ ಹರಿಯಲೇ ಇಲ್ಲ. ಮಿಸ್ತ್ರಿ ಬೆರಳು ಹಾಕಿ ಕೆರೆದು ತೆಗೆದ. ಗ್ರೀಸು, ಅದರೊಳಗೆ ಕಟ್ಟಿಗೆ ಹೊಟ್ಟು. ಸಾಮಿಲ್ಲಿನ ಹೊಟ್ಟು! ಕ್ರೌನಿನ ಗುಂಯ್ ಸದ್ದು ಮುಚ್ಚಲು ತುಂಬಿದ್ದರು. ಬೆರಳ ನಡುವೆ ತಿಕ್ಕಿದರೆ ಕಬ್ಬಿಣದ ಪುಡಿ ಮಿಣಮಿಣ ಅನ್ನುತ್ತಿತ್ತು. ಆದ್ದರಿಂದ ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ ಬೆರಳು ಹಾಕದೆ ಯಾವ ಹಳೆ ಗಾಡಿಯನ್ನೂ ಒಪ್ಪಬೇಡಿ. 90 ನಂಬರ್ ಗೇರ್ ಆಯಿಲ್ ಆ ತೂತಿನ ಅಂಚಿಗೆ ಇರಬೇಕು, ಬೆರಳಿಂದ ತೊಟ್ಟಿಕ್ಕಬೇಕು. ಮುದ್ದೆ ಬಂದರೆ ಅಲ್ಲಿಗೆ ಮುಗಿಯಿತು.

ಚಾಸಿಯದೂ ಇದೇ ಕಥೆ. ಹೊಚ್ಚ ಹೊಸ ಕರಿ ಬಣ್ಣ ಬಳಿದಿತ್ತು. ಚಾಸಿಗೆ ಹೊಸ ಬಣ್ಣ ಕಂಡರೆ ಅನುಮಾನಪಡಿ, ಸುಮ್ಮನೆ ಯಾರೂ ಗಾಡಿಯ ಹೊಟ್ಟೆಗೆ ಬಣ್ಣ ಬಳಿಯುವುದಿಲ್ಲ. ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಒಳಗಿಂದ ಬಿಳಿ ಪುಡಿ ಉದುರಿತು. ಫರ್ಸಿ (ನೆಲಹಾಸಿನ) ಕಲ್ಲಿನ ಧೂಳು. "ಮನೀ ಗಾಡಿ, ಬರೀ ಹೊಲದ ಕೆಲಸ" ಅಂದಿದ್ದ ಗಾಡಿ ಶಹಾಬಾದ, ಚಿತ್ತಾಪುರ ಕಡೆಯ ಫರ್ಸಿ ಖಣಿಯಲ್ಲಿ ಓವರ್‌ಲೋಡ್ ದುಡಿದು ಬಂದಿತ್ತು. ಹಿಂದಿನ ಪಾಟಾ (ಸ್ಪ್ರಿಂಗ್ ಪಟ್ಟಿ) ಹ್ಯಾಂಗರ್ ಹತ್ತಿರ ಒಂದು ಗೇಣು ಬಿರುಕು, ಅದರ ಮೇಲೆ ಚೌಕ ಪಟ್ಟಿ ವೆಲ್ಡಿಂಗ್, ಪಟ್ಟಿಯ ಅಂಚಿನಲ್ಲೇ ಮತ್ತೊಂದು ಬಿರುಕು. ಹೀಗೆ ಚೌಕ ಪಟ್ಟಿ ಹಾಕಿ ನೆಟ್ಟಗೆ ಮೇಲಿಂದ ಕೆಳಗೆ ವೆಲ್ಡ್ ಮಾಡಿದರೆ ಅಲ್ಲೇ ಹರಿಯುತ್ತದೆ. ಬಿರುಕಿನ ತುದಿಗೆ ಸಣ್ಣ ತೂತು ಕೊರೆದು ಅದನ್ನು ನಿಲ್ಲಿಸಬೇಕು, ಬಿರುಕನ್ನು ಗ್ರೈಂಡರಿನಿಂದ ಗಾಳೆ (ತಗ್ಗು ಗೀರು) ತೆಗೆದು ವೆಲ್ಡಿಂಗ್ ತುಂಬಬೇಕು, ಆಮೇಲೆ ಎರಡು ತುದಿ ಓರೆ ಕತ್ತರಿಸಿದ 5 ಮಿ.ಮೀ. ಪಟ್ಟಿ ಹಾಕಬೇಕು. ಬ್ಯಾಟರಿ ವೈರು ತೆಗೆದಿಟ್ಟು.

ದಲಾಲಿಯ ಉತ್ತರಗಳನ್ನು ಕೇಳಿ. ಮೊದಲ ದಿನ ಫೋನಿನಲ್ಲಿ: "ಹಳೀ ಗಾಡಿ ಅಂದ್ರ ಹಿಂಗ ಇರ್ತದ್ರಿ ಅಣ್ಣಾರ. ನೀವೇ ನೋಡಿ ತಗೊಂಡೀರಿ." ಎರಡನೇ ದಿನ: "ನಿಮ್ಮ ಡ್ರೈವರ್ ಹಾಳ್ ಮಾಡ್ಯಾನ." ಹಲ್ಲಿನ ಲೆಕ್ಕದ ಫೋಟೊ ಕಳಿಸಿದ ಮೇಲೆ: "ನಾ ಏನ್ ಹೌಸಿಂಗ್ ಒಳಗ ಹೊಕ್ಕು ನೋಡೀನೇನ್ರಿ?" ಕಟ್ಟಿಗೆ ಹೊಟ್ಟಿನ ಫೋಟೊ ಕಳಿಸಿದರೆ ಎರಡು ನೀಲಿ ಗೀಟು ಬಿದ್ದವು, ಉತ್ತರವಿಲ್ಲ. ಮತ್ತೆ ಫೋನ್ ಮಾಡಿ, ಫೋರ್ ವ್ಹೀಲ್ ಚಾಲೂ ಅದ ಅಂತ ನೀನೇ ಹೇಳಿದ್ದೆಯಲ್ಲ ಅಂದರೆ, ನಿಧಾನಕ್ಕೆ, ಮಗುವಿಗೆ ತಿಳಿಸಿದಂತೆ ಅಂದ: "ಫೋರ್ ವ್ಹೀಲ್ ಬೀಳ್ತದ ಅಂತ ಹೇಳಿದ್ದೆ. ಬಿದ್ದದಲ್ಲ? ತಿರುಗಿ ಬರ್ತದ ಅಂತ ಹೇಳಿದ್ನೇನು?"

ಬೀಳುವುದು ಅಂದರೆ ಲಿವರ್ ಹಾಕಿದಾಗ ಫೋರ್ ವ್ಹೀಲ್ ಹತ್ತುವುದು, ತಿರುಗಿ ಬರುವುದು ಅಂದರೆ ಲಿವರ್ ಹೊರಗೆ ಬರುವುದು. ಇದಕ್ಕೆ ಏನು ಹೇಳಬೇಕು? ಬಾಂಡ್ ಪೇಪರಿನಲ್ಲಿ "ಇದ್ದ ಸ್ಥಿತಿಯಲ್ಲಿ ನೋಡಿ ಒಪ್ಪಿ ಖರೀದಿಸಿದ್ದೇನೆ" ಅಂತ ಬರೆಸಿದ್ದ. ಎಲ್ಲರೂ ಬರೆಸುತ್ತಾರೆ ಅಂತ ಸಹಿ ಆಯಿತು. ನೀವು ಬರೆಸುವಾಗ ಅದೇ ಸಾಲಿನ ಕೆಳಗೆ "ಎರಡೂ ಹೌಸಿಂಗಿನ ರೇಶಿಯೋ ಒಂದೇ, ಫೋರ್ ವ್ಹೀಲ್ ಹೈ ಮತ್ತು ಲೋ ಎರಡೂ ಬಿದ್ದು ತಿರುಗಿ ಬರುತ್ತವೆ, ಚಾಸಿಗೆ ವೆಲ್ಡಿಂಗ್ ಇಲ್ಲ" ಅಂತ ಬರೆಸಿ. ಬರೆಯಲು ಒಲ್ಲೆ ಅಂದರೆ ಉತ್ತರ ಸಿಕ್ಕಂತೆ.

ಕಾಗದದ ಮಾತು ಚುಟುಕಾಗಿ. ಆರ್‌ಸಿಯಲ್ಲಿ ಇರುವ ಹೆಸರಿನವನು ಎದುರಿಗೆ ಕೂತು ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಮಾಡಬೇಕು. ದಲಾಲಿ ಜೇಬಿನಿಂದ ತೆಗೆದ ಸಹಿ ಮಾಡಿದ ಖಾಲಿ ಫಾರಂ ತಗೊಳ್ಳಬೇಡಿ. ಸಾಲದ ಎಚ್‌ಪಿ (ಆರ್‌ಸಿಯಲ್ಲಿ ಅಡವಿನ ನಮೂದು) ಇದ್ದರೆ ಅದನ್ನು ತೆಗೆಸುವ ಫಾರಂ 35 ಮತ್ತು ಸಾಲ ಕೊಟ್ಟವರ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ) ಕೈಗೆ ಬಂದ ಮೇಲೆ ರೊಕ್ಕ. ತೆಲಂಗಾಣ, ಮಹಾರಾಷ್ಟ್ರದ ನಂಬರಾದರೆ ಫಾರಂ 28ರ ಎನ್‌ಒಸಿ ಇಲ್ಲದೆ ಇಲ್ಲಿ ಏನೂ ನಡೆಯುವುದಿಲ್ಲ. ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಮುಗಿದಿದ್ದರೆ ಹುಷಾರ್, 15 ವರ್ಷ ದಾಟಿದ ಗಾಡಿಗಳ ಫೀಸು 2022ರ ಏಪ್ರಿಲ್‌ನಿಂದ ಬಹಳ ಏರಿದೆ. ಎಂಜಿನ್ ನಂಬರು, ಚಾಸಿ ನಂಬರು ಬಟ್ಟೆಯಿಂದ ಒರೆಸಿ ಕಣ್ಣಾರೆ ಓದಿ.

ರಿಪೇರಿಗೆ ಬಿದ್ದದ್ದು ಹೇಳುತ್ತೇನೆ, ಲೆಕ್ಕ ಹಾಕಿಕೊಳ್ಳಲು ಆಗುತ್ತದೆ. ಹಿಂದಿನ 39-8 ಕ್ರೌನ್ ಪಿನಿಯನ್ ಹಳೆ ಜೋಡಿ 13,500. ಬೇರಿಂಗು, ಸೀಲು 4,200. ಟ್ರಾನ್ಸ್‌ಫರ್ ಕೇಸಿನ ಗೇರು, ಬೇರಿಂಗು 16,000. ಚಾಸಿ 7,500. ಶಾಫ್ಟಿನ ಎರಡು ಕ್ರಾಸು (ಕೀಲು), ಆಯಿಲ್ 3,300. ಮಜೂರಿ 9,000. ಒಟ್ಟು 53,500. ಕ್ರೌನ್ ಒಂದು ಕಡೆ, ಪಿನಿಯನ್ ಒಂದು ಕಡೆ ತರಬೇಡಿ, ಒಟ್ಟಿಗೆ ಸವೆದ ಜೋಡಿಯೇ ಬೇಕು, ಎರಡರ ಮೇಲಿನ ಜೋಡಿ ನಂಬರು ತಾಳೆ ನೋಡಿ. ಕೂರಿಸುವಾಗ ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ ಡಯಲ್ ಗೇಜ್ ಹಚ್ಚಿ ಸಂದು ನೋಡುವ ಮಿಸ್ತ್ರಿಯ ಹತ್ತಿರವೇ ಹೋಗಿ. ಕೈ ಅಂದಾಜಿನಲ್ಲಿ ಬಿಗಿದರೆ ಆರು ತಿಂಗಳೊಳಗೆ ಮತ್ತೆ ಗುಂಯ್ ಅನ್ನುತ್ತದೆ, ಆಗ ಮತ್ತೆ ಯಾರೋ ಹೊಟ್ಟು ತುಂಬುತ್ತಾರೆ.

ಅದೇ ದಲಾಲಿ ಈಗ ಮತ್ತೊಂದು ಪಿಕಪ್ ಮಾರಾಟಕ್ಕೆ ಇಟ್ಟಿದ್ದಾನೆ. ಬಿಳಿ ಗಾಡಿ, ಚಾಸಿಗೆ ಹೊಸ ಕರಿ ಬಣ್ಣ, ಫೋಟೊದ ಕೆಳಗೆ "ಫೋರ್ ವ್ಹೀಲ್ ಚಾಲೂ ಅದ". ನೋಡಲು ಹೋಗುವವರು ಎರಡು ಸ್ಟ್ಯಾಂಡು, ಒಂದು ಚಾಕ್, ಬೋಲ್ಟ್ ಬಿಚ್ಚುವ ಪಾನಾ ಒಯ್ಯಿರಿ. ಫೋನ್ ಮಾಡದೆ ಹೋಗಿ, ಬಾನೆಟ್ ತಣ್ಣಗಿರುವಾಗ.