ಡಬ್ಬದ ಮೇಲೆ ನೂರು ವ್ಯಾಟ್, ಡಗ್ಗಾ ಮಾತ್ರ ತಗಡು

ಹೈಸ್ಕೂಲಲ್ಲಿ ಮೂರು ವರ್ಷ ತಬಲಾ ಕುಟ್ಟಿದವನು ನಾನು. ಯಾವ ಸೆಟ್ ಕೇಳಿದರೂ ಕಿವಿ ಮೊದಲು ಡಗ್ಗಾ, ಅಂದರೆ ತಬಲಾ ಜೋಡಿಯ ದಪ್ಪ ದನಿಯ ದೊಡ್ಡ ವಾದ್ಯವನ್ನು, ಹುಡುಕುತ್ತದೆ. ತುಮಕೂರಿನ ಎಸ್.ಎಸ್. ಪುರಂನ ನಮ್ಮ ಸಣ್ಣ ಹಾಲ್‌ನಲ್ಲಿರುವುದು ಐದೂವರೆ ಇಂಚು ವೂಫರ್‌ನ (ಬೇಸ್ ಹೊರಡಿಸುವ ಕೋನ್‌ನ) 4 ಓಮ್ ಪ್ಯಾಸಿವ್ ಸ್ಪೀಕರ್ ಜೋಡಿ, ಅಂದರೆ ಆಂಪ್ಲಿಫೈಯರ್ ಬೇರೆ ಜೋಡಿಸಬೇಕಾದದ್ದು.

ಮೊದಲು ಇದ್ದದ್ದು ಅಗ್ಗದ ಆಂಪ್ಲಿಫೈಯರ್. ಡಬ್ಬದ ಮೇಲೆ 100 ವ್ಯಾಟ್, ಜೊತೆಗೆ ಬಂದ ಅಡಾಪ್ಟರ್ 12 ವೋಲ್ಟ್, 3 ಆಂಪಿಯರ್. ಗುಣಿಸಿ ನೋಡಿ, 36! ಒಳಗೆ ಹೋಗುವುದೇ ಅಷ್ಟಾದರೆ ನೂರು ಎಲ್ಲಿಂದ ಬರಬೇಕು? ಸಾಲದ್ದಕ್ಕೆ ನಾನು ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟಿದ್ದೆ. ಬೇಸ್ 10 ಡೆಸಿಬಲ್ ಏರಬೇಕೆಂದರೆ ಅಲ್ಲಿ ಹತ್ತು ಪಟ್ಟು ವ್ಯಾಟ್ ಬೇಕು. ಪಾಪ, ಅದು ಎಲ್ಲಿಂದ ತಂದೀತು? ವಾಲ್ಯೂಮ್ ಅರ್ಧ ದಾಟಿದರೆ ಡಗ್ಗಾ ತಗಡು ಬಡಿದ ಹಾಗೆ ಕೇಳುತ್ತಿತ್ತು.

ಈಗ ಫೋಸಿ ವಿ3 ಅನ್ನುವ ಆಂಪ್ಲಿಫೈಯರ್ ತಂದು ನಾಲ್ಕು ತಿಂಗಳಾಯಿತು. ಅಂಗೈಗಿಂತ ಸ್ವಲ್ಪ ದೊಡ್ಡದು, ಒಳಗೆ ಟಿಪಿಎ3255 ಚಿಪ್. ದುಡ್ಡು ಜಾಸ್ತಿಯಾದರೂ 48 ವೋಲ್ಟ್ ಅಡಾಪ್ಟರ್ ಇರುವುದನ್ನೇ ತಗೊಂಡೆ.

ಮೊದಲ ದಿನ ಬೇಸ್ ಹಿಂದಿಗಿಂತ ಕಮ್ಮಿ! ಎರಡು ದಿನ ಸುಮ್ನೆ ಆಂಪನ್ನು ಬೈದೆ. ಆಮೇಲೆ ನೋಡಿದರೆ ಎಡ ಸ್ಪೀಕರ್‌ನ ವೈರನ್ನು ನಾನೇ ಕೆಂಪು-ಕಪ್ಪು ಅದಲುಬದಲು ಮಾಡಿ ಸಿಕ್ಕಿಸಿದ್ದೆ. ಒಂದು ಕೋನ್ ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗುತ್ತಿತ್ತು. ಕೆಳಗಿನ ಸ್ವರಗಳು ಒಂದನ್ನೊಂದು ನುಂಗಿ ಹಾಕುತ್ತಿದ್ದವು. ಸರಿಮಾಡಿ ಕೂತೆ. ‘ಗುಂ’ ಅಂತ ಎದ್ದ ಡಗ್ಗಾ ಬೇಕಾದ ಕಡೆ ನಿಂತಿತು, ಎಳೆದಾಡಲಿಲ್ಲ.

ಮೆಲ್ಲಗೆ ಕೇಳುವವರಿಗೆ ಅಂಥ ವ್ಯತ್ಯಾಸವೇನೂ ಗೊತ್ತಾಗುವುದಿಲ್ಲ. ಜೋರು ಮಾಡಿದಾಗಲೇ ಇದರ ಬೆಲೆ ತಿಳಿಯುವುದು. ಬೇಸ್, ಟ್ರೆಬಲ್ ಗುಂಡಿಗಳಿಲ್ಲ, ರಿಮೋಟ್ ಇಲ್ಲ. ಗುಂಡಿ ಇಲ್ಲದ್ದೇ ಒಳ್ಳೆಯದಾಯಿತು, ನನ್ನ ಕೈ ಸುಮ್ಮನಿರುವುದಿಲ್ಲ. ಸ್ಪೀಕರನ್ನು ಗೋಡೆಯ ಹತ್ತಿರ ಒಂದು ಗೇಣಿಗೆ ಸರಿಸಿದೆ, ಖರ್ಚಿಲ್ಲದೆ ಇನ್ನೊಂದಿಷ್ಟು ಬೇಸ್ ಸಿಕ್ಕಿತು. ಜಾತ್ರೆಯ ಡೊಳ್ಳಿನ ಹಾಗೆ ಎದೆ ನಡುಗಬೇಕು ಅನ್ನುವವರು ಮಾತ್ರ ಸಬ್‌ವೂಫರನ್ನೇ ನೋಡಿಕೊಳ್ಳಿ. ಐದೂವರೆ ಇಂಚಿನ ಕೋನ್‌ನಿಂದ ಅದನ್ನು ಯಾವ ಆಂಪೂ ಹೊರಡಿಸಲಾರದು.

ನಿನ್ನೆ ಅಡುಗೆಮನೆಯಿಂದ ಕೂಗು ಬಂತು: “ರೀ, ತಟ್ಟೆ ಸ್ಟ್ಯಾಂಡ್ ಅದುರ್ತಿದೆ, ಸ್ವಲ್ಪ ಕಮ್ಮಿ ಮಾಡ್ರೀ!” ಹಳೆಯದಿದ್ದಾಗ ಈ ದೂರು ಒಂದು ದಿನವೂ ಬಂದಿರಲಿಲ್ಲ.