ಬೆಳ್ವೊಲ 300: ಗೋಡೆಯ ಭೂಪಟವೊಂದರ ಪರಿಶೀಲನೆ

ಪ್ರಾಚೀನ ಕರ್ನಾಟಕದ ನಾಡುಗಳನ್ನು ತೋರಿಸುವ ಭೂಪಟವೊಂದನ್ನು, ಅದರ ಜೊತೆಗೆ ಬರುವ ಕಿರುಪುಸ್ತಿಕೆಯ ಸಮೇತ, ಧಾರವಾಡದ ಪುಸ್ತಕ ಮಳಿಗೆಯೊಂದರಲ್ಲಿ ಕೊಂಡು ಎರಡು ತಿಂಗಳಿನಿಂದ ಓದುವ ಕೋಣೆಯ ಗೋಡೆಗೆ ತೂಗುಹಾಕಿದ್ದೇನೆ. ಇಂತಹ ಭೂಪಟ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಅಣ್ಣಿಗೇರಿ, ಗದಗಗಳ ಸುತ್ತಲಿನ ಹಳೆಯ ನಾಡಾದ ಬೆಳ್ವೊಲವನ್ನು. ಬಾದಾಮಿಯನ್ನೋ ಕಲ್ಯಾಣವನ್ನೋ ಗುರುತಿಸುವುದು ಕಷ್ಟವಲ್ಲ. ಬೆಳ್ವೊಲವನ್ನು ಸರಿಯಾಗಿ ತೋರಿಸಬೇಕಾದರೆ ಶಾಸನಗಳ ಓದು ಬೇಕು, ಹಳಗನ್ನಡದ ಪರಿಚಯವೂ ಬೇಕು.

ನಕ್ಷೆಯ ಮಟ್ಟಿಗೆ ಕೆಲಸ ಚೆನ್ನಾಗಿದೆ. ನಾಡಿನ ಹೆಸರಿನ ಜೊತೆಗೆ ಒಂದು ಸಂಖ್ಯೆಯನ್ನು ಸೇರಿಸಿ ಹೇಳುವ ಶಾಸನಗಳ ಕ್ರಮದಲ್ಲಿ ‘ಬೆಳ್ವೊಲ 300’ ಎಂದೇ ಅಚ್ಚು ಹಾಕಿದ್ದಾರೆ. ಮುಖ್ಯ ಊರಾದ ಅಣ್ಣಿಗೇರಿಯ ಜೊತೆಗೆ ಗದಗ, ಲಕ್ಕುಂಡಿ, ಕುಕ್ಕನೂರುಗಳು ಗೆರೆಯೊಳಗೇ ಇವೆ; ದಕ್ಷಿಣಕ್ಕೆ ಪುಲಿಗೆರೆ 300, ಅಂದರೆ ಇಂದಿನ ಲಕ್ಷ್ಮೇಶ್ವರದ ಸೀಮೆ. ಈ ಎರಡು ನಾಡುಗಳನ್ನು ಒಟ್ಟಿಗೆ ಹೇಳುವಾಗ ಶಾಸನಗಳು ಬಳಸುವ ‘ಎರಡರುನೂರು’ ಎಂಬ ಪದವನ್ನೂ ಪುಸ್ತಿಕೆ ಮರೆತಿಲ್ಲ. ಅಕ್ಷರಶಃ ಗುಣಿಸಿದರೆ ಸಾವಿರದ ಇನ್ನೂರಾಗಬಹುದಾದ ಈ ಮಾತಿಗೆ ಎರಡು ಮುನ್ನೂರುಗಳು ಕೂಡಿದ ಆರುನೂರು ಎಂಬ ಅರ್ಥವಿದೆಯೆಂದು ಮೂರೇ ಸಾಲಿನಲ್ಲಿ ತಿಳಿಸಿರುವುದು ಮೆಚ್ಚುವಂಥದ್ದು.

ಆದರೆ ಆ ಸಂಖ್ಯೆಗಳೆಲ್ಲ ಹಳ್ಳಿಗಳ ಎಣಿಕೆಯೆಂದು ಪುಸ್ತಿಕೆ ಖಚಿತವಾಗಿ ಹೇಳಿಬಿಡುತ್ತದೆ. ಬೆಳ್ವೊಲದ 300ಕ್ಕೋ ಕಿಸುಕಾಡಿನ 70ಕ್ಕೋ ಈ ವಿವರಣೆ ಹೊಂದಬಹುದು. ಅದೇ ಪುಟದಲ್ಲಿರುವ ಗಂಗವಾಡಿ 96000ಕ್ಕೆ ಅದು ಹೇಗೆ ಹೊಂದುತ್ತದೆ? 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಗ್ರಾಮಗಳು 30,000ವನ್ನು ಮುಟ್ಟಿಲ್ಲ. ದೊಡ್ಡ ಸಂಖ್ಯೆಗಳು ಕಂದಾಯದ ಆದಾಯವನ್ನು ಹೇಳುತ್ತವೆಯೋ ಬರಿಯ ಸಾಂಪ್ರದಾಯಿಕ ಉತ್ಪ್ರೇಕ್ಷೆಯೋ ಎಂಬ ಚರ್ಚೆ ವಿದ್ವಾಂಸರಲ್ಲಿ ಹಳೆಯದು. ಓದುಗರಿಗೆ ಅದನ್ನು ಒಂದು ಸಾಲಿನಲ್ಲಾದರೂ ತಿಳಿಸಬೇಕಿತ್ತು.

ನನಗೆ ಹೆಚ್ಚು ಬೇಸರ ತಂದದ್ದು ಹೆಸರುಗಳ ಅರ್ಥವನ್ನು ಕೊಟ್ಟಿರುವ ರೀತಿ. ಬೆಳ್ವೊಲವನ್ನೂ ಪಟ್ಟದಕಲ್ಲಿನ ಹಳೆಯ ಹೆಸರಾದ ಕಿಸುವೊಳಲನ್ನೂ ಒಂದೇ ಸಾಲಿನಲ್ಲಿ ಇಟ್ಟು, ಮೊದಲನೆಯದಕ್ಕೆ ‘ಬಿಳಿಯ ಹೊಲ’, ಎರಡನೆಯದಕ್ಕೆ ‘ಕೆಂಪು ಹೊಲ’ ಎಂದು ಅರ್ಥ ಬರೆದಿದ್ದಾರೆ. ಪ್ರಾಸ ಚೆನ್ನಾಗಿದೆ, ಅರ್ಥ ಕೆಟ್ಟಿದೆ. ಬೆಳ್ವೊಲದಲ್ಲಿರುವುದು ‘ಪೊಲ’, ಸಮಾಸದಲ್ಲಿ ಪಕಾರ ವಕಾರವಾಗಿ ‘ವೊಲ’ ಆಗಿದೆ, ಇಂದಿನ ಹೊಲವೇ ಅದು. ಕಿಸುವೊಳಲಿನಲ್ಲಿರುವುದು ‘ಪೊಳಲ್’, ಅಂದರೆ ಪಟ್ಟಣ; ಹೊಳಲ್ಕೆರೆಯ ಹೆಸರಿನಲ್ಲಿ ಈಗಲೂ ಉಳಿದಿರುವ ಶಬ್ದ. ಹಾಗಾಗಿ ಕಿಸುವೊಳಲು ಕೆಂಪು ಊರೇ ಹೊರತು ಕೆಂಪು ಹೊಲವಲ್ಲ. ಇನ್ನು ‘ಬೆಳ್’ ಎಂಬುದಕ್ಕೆ ಬೆಳ್ದಿಂಗಳು, ಬೆಳ್ಮುಗಿಲುಗಳಲ್ಲಿರುವಂತೆ ಬಿಳುಪಿನ ಅರ್ಥವಿರುವುದು ನಿಜ. ಆದರೆ ಅಣ್ಣಿಗೇರಿಯಿಂದ ಗದಗಿನ ಕಡೆಗೆ ಒಮ್ಮೆ ಹೋಗಿ ಬಂದವರು, ದಾರಿಯುದ್ದಕ್ಕೂ ಹರಡಿರುವ ಕಪ್ಪು ಎರೆ ಭೂಮಿಯನ್ನು ಕಂಡವರು, ಬಿಳಿಯ ಹೊಲವೆಂಬ ಮಾತನ್ನು ಸುಲಭವಾಗಿ ಒಪ್ಪಲಾರರು. ಬೆಳೆ ಬೆಳೆಯುವ ಹೊಲ, ಫಲವತ್ತಾದ ಬಯಲು ಎಂಬ ಅರ್ಥವೇ ಅಲ್ಲಿನ ಮಣ್ಣಿಗೆ ಹೊಂದುತ್ತದೆಂದು ನನ್ನ ಅಭಿಪ್ರಾಯ.

ಬಣ್ಣ ತುಂಬಿರುವ ಕ್ರಮವೂ ದಾರಿ ತಪ್ಪಿಸುತ್ತದೆ. ಪ್ರತಿ ನಾಡಿಗೂ ಒಂದು ರಾಜವಂಶದ ಬಣ್ಣ ಬಳಿದಿರುವುದರಿಂದ ಬೆಳ್ವೊಲ ಎಂದೆಂದಿಗೂ ಒಬ್ಬರದೇ ಸೊತ್ತಾಗಿತ್ತು ಎನಿಸುತ್ತದೆ. ಕಾಳಿ ಎಂಬ ನಾಯಿಯ ವೀರಮರಣದಿಂದ ಹೆಸರಾದ ಆತಕೂರು ಶಾಸನವನ್ನೇ ನೋಡಬಹುದು: 949ರ ತಕ್ಕೋಲಂ ಕದನದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣನು ಬನವಾಸಿ 12000, ಬೆಳ್ವೊಲ 300, ಪುಲಿಗೆರೆ 300 ಮೊದಲಾದ ನಾಡುಗಳನ್ನು ಕೊಟ್ಟನೆಂದು ಅದು ಹೇಳುತ್ತದೆ. ಒಡೆಯ ಬದಲಾದರೂ ನಾಡಿನ ಹೆಸರೂ ಸಂಖ್ಯೆಯೂ ಬದಲಾಗಲಿಲ್ಲ. ಭೂಪಟಕ್ಕೆ ಬಣ್ಣದ ಬದಲು ಬರಿಯ ಗೆರೆಗಳೇ ಸಾಕಾಗಿದ್ದವು.

ಕಾಗದ ದಪ್ಪವಾಗಿದೆ, ಅಕ್ಷರಗಳು ನಾಲ್ಕು ಅಡಿ ದೂರದಿಂದಲೂ ಕಾಣುತ್ತವೆ, ಮಡಿಕೆ ಬೀಳದಂತೆ ಕೊಳವೆಯಲ್ಲಿ ಸುತ್ತಿ ಕೊಡುತ್ತಾರೆ. ಪ್ರೌಢಶಾಲೆಯ ಗೋಡೆಗೆ ಧಾರಾಳವಾಗಿ ಕೊಳ್ಳಬಹುದು; ಪುಸ್ತಿಕೆಯ ಅರ್ಥಗಳನ್ನು ಮಾತ್ರ ಶಿಕ್ಷಕರು ಮೊದಲೇ ತಿದ್ದಿಕೊಳ್ಳಬೇಕಾಗುತ್ತದೆ. ಮುಂದಿನ ಮುದ್ರಣದಲ್ಲಿ ಇನ್ನೊಂದು ಮಾತಿಗೂ ಜಾಗ ಸಿಗಲಿ: ಪುಸ್ತಿಕೆಯು ಬೆಳ್ವೊಲವನ್ನು ‘ಈಗ ಬಳಕೆಯಲ್ಲಿಲ್ಲದ ಹೆಸರು’ ಎಂಬ ಪಟ್ಟಿಗೆ ಸೇರಿಸಿದೆ, ಆದರೆ ಮಲೆನಾಡಿನ ಅಂಚು ದಾಟಿ ಪೂರ್ವಕ್ಕೆ ಹರಡುವ ಆ ಎರೆ ಬಯಲನ್ನು ಧಾರವಾಡ, ಗದಗ ಕಡೆಯ ಜನ ‘ಬೆಳವಲ’ ಎಂದು ಇಂದಿಗೂ ಕರೆಯುತ್ತಾರೆ.